ಬೇವಿನ ಮರದ ಕೆಳಗಿನ ಎತ್ತಿನ ಕಳ್ಳ

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆಯಲ್ಲಿ ನಾವು ಮೂವರು ಸೇರಿ ಎತ್ತಿನ ಕಳ್ಳನೊಬ್ಬನ ಸಾಕ್ಷ್ಯಚಿತ್ರ ತೆಗೆದೆವು. ಕಳ್ಳನೂ ಸುಳ್ಳು, ಸಾಕ್ಷ್ಯವೂ ಸುಳ್ಳು. ನೋಡುವವರು ಮಾತ್ರ ನಿಜವೆಂದು ನಂಬಬೇಕು. ಇಂಡಿ ಪಟ್ಟಣದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ನನ್ನ ಗೆಳೆಯ ನಿರ್ದೇಶಕ. ಕ್ಯಾಮೆರಾ ಸೊಲ್ಲಾಪುರದಿಂದ ಬಾಡಿಗೆಗೆ ಬಂದಿತ್ತು. ಕಳ್ಳನ ಪಾತ್ರ ಮುದ್ದೇಬಿಹಾಳದ ಒಬ್ಬ ದರ್ಜಿಯದು. ಸಣ್ಣಾಟಗಳಲ್ಲಿ ವೇಷ ಹಾಕಿ ಪಳಗಿದವನು. ನಾನು ಸಿಂದಗಿಯಲ್ಲಿ ಡ್ರಿಲ್ ಮಾಸ್ತರ, ರಜೆಯಲ್ಲೂ ಕೊರಳಲ್ಲಿ ಸೀಟಿ. ಏಳುವ ಹೊತ್ತು, ಊಟದ ಹೊತ್ತು, ಯಾವ ದೃಶ್ಯದ ನಂತರ ಯಾವುದು ಎಂಬುದೆಲ್ಲ ನನ್ನ ಜವಾಬ್ದಾರಿ.

ಆ ದಿನ ಬಸವನ ಬಾಗೇವಾಡಿಯ ಹೊರಗೆ, ಮನಗೂಳಿ ರಸ್ತೆಯ ಬೇವಿನ ಮರದ ಕೆಳಗೆ ದರ್ಜಿಯನ್ನು ಕೂಡಿಸಿದ್ದೆವು. ಕೊರಳಗಂಟೆಗೆ ಹತ್ತಿ ತುರುಕಿ, ಸಪ್ಪಳವಿಲ್ಲದೆ ಜೋಡೆತ್ತು ಹೊಡೆದುಕೊಂಡು ಹೋಗುವುದು ಹೇಗೆಂದು ಬೀಡಿ ಸೇದುತ್ತ ವಿವರಿಸುತ್ತಿದ್ದ. ಕೇಳುತ್ತಿದ್ದ ನನಗೇ ಅವನ ಮೇಲೆ ಸಿಟ್ಟು ಬಂತು.

ರಸ್ತೆಯಲ್ಲಿ ಒಂದು ಎತ್ತಿನ ಗಾಡಿ ನಿಂತಿತು. ಅದರಿಂದಿಳಿದ ರೈತ ಬಂದು ದರ್ಜಿಯ ಎದುರಿಗೆ ಕುಕ್ಕುರುಗಾಲಲ್ಲಿ ಕುಳಿತ. ಹಿಂದೆ ಇಬ್ಬರು ತಮ್ಮಂದಿರು, ಕೈಯಲ್ಲಿ ಬಾರಕೋಲು.

“ನನ್ನ ಎತ್ತಿನ ಜೋಡಿ ಹೋದ ವಾರ ಹೋಗ್ಯಾವ,” ಎಂದ. “ಗಾಡಿಗಿ ಹೂಡಿದ್ದು ಮಂದಿ ಎತ್ತು. ಬಿತ್ತಗಿ ಮುಂದೈತಿ. ಏನ್ ಕೇಳ್ತಿ ಕೇಳು, ಕೊಡ್ತೇನಿ.”

ನಮ್ಮ ಕಡೆ ಕಳುವಾದ ಎತ್ತು ಮರಳಿ ಬರುತ್ತಿದ್ದುದು ಪೊಲೀಸರಿಂದಲ್ಲ, ದುಡ್ಡು ಪಡೆದು ಕಳ್ಳನ ಜೊತೆ ಮಾತಾಡುವ ಮಧ್ಯಸ್ಥರಿಂದ. ಕಳ್ಳ ಬಾಯಿ ಬಿಟ್ಟನೆಂದರೆ ಎತ್ತು ಇನ್ನೂ ಮಾರಾಟವಾಗಿಲ್ಲ, ಬಿಡಿಸಿಕೊಳ್ಳಬಹುದು ಎಂದೇ ಅರ್ಥ. ಹಾಡುಹಗಲು ರಸ್ತೆಬದಿ ಕುಳಿತು ಕಳವಿನ ಕಥೆ ಹೇಳುವವನನ್ನು ಆ ರೈತ ಬೇರೆ ಹೇಗೆ ತಿಳಿದಾನು?

ದರ್ಜಿ ನಿರ್ದೇಶಕನ ಮುಖ ನೋಡಿದ. ನಿರ್ದೇಶಕ ಕ್ಯಾಮೆರಾ ನಿಲ್ಲಿಸದೆ, ಮಾತಾಡು ಎಂದು ಬೆರಳಾಡಿಸಿದ.

“ನಾ ಕಳ್ಳ ಅಲ್ಲೋ ಯಣ್ಣಾ, ದರ್ಜಿ. ಇದು ಸಿನಿಮಾ.”

“ಸಿನಿಮಾ? ಹಂಗಾರ ಹಿರೋಯಿನ್ ಎಲ್ಲಿ?” ಎಂದ ಹಿರಿಯ ತಮ್ಮ, ನನ್ನ ಕಡೆ ತಿರುಗಿ. “ಈ ಸೀಟಿ ಮಾಸ್ತರನೇನು?”

ಅವನು ದರ್ಜಿಯ ಕೊರಳಪಟ್ಟಿ ಹಿಡಿದೆತ್ತಿ ಮರಕ್ಕೆ ಒತ್ತಿದ. ಬಿಡಿಸಲು ಹೋದ ನನ್ನ ಎದೆಗೆ ಕಿರಿಯವನ ಬಾರಕೋಲು ಅಡ್ಡ ಬಂತು. ನಿರ್ದೇಶಕ ಕ್ಯಾಮೆರಾ ಹಿಡಿದು ಇನ್ನೂ ಹತ್ತಿರ ಸರಿದ. ನಾನು ಅದರ ಕಣ್ಣಿಗೆ ಅಂಗೈ ಅಡ್ಡ ಇಟ್ಟೆ.

“ತಗೀಯೋ ಕೈ! ಇಂಥಾದ್ದು ಮತ್ತ ಸಿಗೂದಿಲ್ಲ.”

“ಅವನ ಹೆಣಾ ಸಿಗತೈತಿ. ಬಂದ್ ಮಾಡು.”

ಕೊನೆಗೆ ತಡೆದವನು ರೈತನೇ. “ಎತ್ತಿನ ಮ್ಯಾಲ ಕೈ ಇಟ್ಟು ಹೇಳಲಿ, ಬಿಡು.” ಎತ್ತು ಮುಟ್ಟಿ ಸುಳ್ಳಾಡುವವರು ಆ ಸೀಮೆಯಲ್ಲಿ ಇರಲಿಲ್ಲ. ಗಾಡಿಯ ಎತ್ತಿನ ಹೆಗಲ ಹಿಣಿಲ ಮೇಲೆ ದರ್ಜಿ ಕೈ ಇಟ್ಟ. ಎತ್ತು ನೊಣ ಝಾಡಿಸುವಂತೆ ಚರ್ಮ ಅದುರಿಸಿತು.

“ಬಸವಣ್ಣನ ಆಣಿ, ನಾ ಯಾರ ಎತ್ತೂ ಹೊಡಕೊಂಡ್ ಹೋಗಿಲ್ಲ. ನನಗ ಎತ್ತು ಹೂಡಾಕೂ ಬರೂದಿಲ್ಲ.”

ಬಾರಕೋಲುಗಳು ಕೆಳಗಿಳಿದವು.

ಆ ಚಿತ್ರವನ್ನು ನೋಡಿದ ಯಾರೋ ಎಷ್ಟೋ ವರ್ಷಗಳ ಮೇಲೆ ಅದರಿಂದ ಟಿವಿ ಧಾರಾವಾಹಿ ಮಾಡಿದರು. ಅದರಲ್ಲಿ ಈ ಪ್ರಸಂಗ ಹೊಡೆತ, ಸಂಗೀತ ಸಮೇತ ಇದೆ. ದರ್ಜಿ ಬಿಡುಗಡೆಯಾದೊಡನೆ ಮುಗಿಯುತ್ತದೆ. ನಾವು ನಿಂತಲ್ಲಿ ಮುಗಿದಿರಲಿಲ್ಲ. ದರ್ಜಿ ಕಳ್ಳನಲ್ಲವೆಂದು ತಿಳಿದು ನಾವು ಉಸಿರು ಬಿಟ್ಟೆವು. ರೈತನ ಮುಖ ಮಾತ್ರ ಇಳಿದುಹೋಯಿತು.

“ನೀ ಅಲ್ಲಂದ್ರ ಮತ್ತ ಯಾರನ್ನ ಕೇಳ್ಲೋ ಯಪ್ಪಾ?” ಎಂದ.

ಆಮೇಲೆ “ಚಡಚಣ ದನದ ಸಂತ್ಯಾಗ ನೋಡ್ತೇನಿ,” ಎಂದು ತನಗೇ ಹೇಳಿಕೊಂಡು ಗಾಡಿ ಹತ್ತಿದ.