ಏಳನ್ನು ನಾಲ್ಕೆಂದವಳು

ಆ ಬೀದಿಯವರು ಅವಳನ್ನು ಎಣಿಕೆಯಮ್ಮ ಎನ್ನುತ್ತಿದ್ದರು. “ಆಯಮ್ಮನ ಹೆಬ್ಬೆರಳೊಳಗೆ ಯಾರೋ ಗಡಿಯಾರ ಇಟ್ಟು ಹೊಲಿದುಬಿಟ್ಟಿದ್ದಾರೆ ಕಣ್ರೀ,” ಎನ್ನುವನು ಎದುರುಮನೆಯ ದರ್ಜಿ. ಅವನ ಹೆಂಡತಿ ಒಗ್ಗರಣೆ ಹಾಕುವಳು: “ಒಲೆ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದು ಹರಟೆ ಹೊಡೀತಾಳೆ. ಇನ್ನೇನು ಉಕ್ಕಬೇಕು, ಎದ್ದು ಹೋಗ್ತಾಳೆ. ನಮ್ಮನೆ ಹಾಲು ಮಾತ್ರ ದಿನಾ ಒಲೆಗೇ.”

ಮಾತು ಸುಳ್ಳಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವಳ ಗಂಡ ಶಾಲೆಗಳಿಗೆ, ಹವ್ಯಾಸದವರಿಗೆ ಮಾದರಿ ರಾಕೆಟ್ಟಿನ ಮೋಟಾರು ಮಾಡುತ್ತಿದ್ದ. ಮೋಟಾರೆಂದರೆ ಚಕ್ರ ತಿರುಗುವಂಥದ್ದಲ್ಲ. ಬೆರಳುದ್ದದ ಕಾಗದದ ಕೊಳವೆ, ಒಳಗೆ ಜಡಿದ ಕಪ್ಪು ಮದ್ದು. ಅದು ಉರಿದು ರಾಕೆಟ್ಟನ್ನು ಮೇಲಕ್ಕೆ ಒಯ್ಯುತ್ತದೆ. ಆಮೇಲೆ ಇನ್ನೊಂದು ಮದ್ದು ನಿಧಾನವಾಗಿ ಹೊಗೆಯಾಡುತ್ತದೆ. ಅದು ಮುಗಿದೊಡನೆ ಟಪ್ಪೆಂದು ಮೂತಿ ಕಳಚಿ ಪ್ಯಾರಾಚೂಟ್ ಬಿಚ್ಚಿಕೊಳ್ಳಬೇಕು. ನಡುವಿನ ಹೊತ್ತು ನಾಲ್ಕು ಸೆಕೆಂಡು. ತಡವಾಯಿತೋ, ರಾಕೆಟ್ಟು ತಲೆಕೆಳಗಾಗಿ ಈಟಿಯ ಹಾಗೆ ಬರುತ್ತದೆ.

ಆ ನಾಲ್ಕನ್ನು ಅವಳು ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತ ಎಣಿಸುವಳು. ಗಂಡ ಒಂದು ವರ್ಷ ಗಡಿಯಾರ ಹಿಡಿದು ತಾಳೆ ನೋಡಿದ. ಆಮೇಲೆ ಗಡಿಯಾರವನ್ನೇ ಕಪಾಟಿಗೆ ಹಾಕಿದ. ಪ್ರತಿ ಪೆಟ್ಟಿಗೆಯಲ್ಲೂ ‘ಎಣಿಸಿ ನೋಡಿದೆ’ ಎಂಬ ಚೀಟಿ, ಕೆಳಗೆ ಅವಳ ಸಹಿ. ಮಕ್ಕಳಿಲ್ಲ, ಓದು ಅಷ್ಟಕ್ಕಷ್ಟೆ. ಲೋಕದಲ್ಲಿ ಅವಳದು ಎಂದಿದ್ದದ್ದು ಆ ಸಹಿಯೊಂದೇ. ಗಂಡ ತೀರಿಹೋದ ಮೇಲೆ ಶೆಡ್ಡು ಮೈದುನನ ಕೈಗೆ ಬಂತು. ಎಣಿಕೆ ಮಾತ್ರ ಅವಳಲ್ಲೇ ಉಳಿಯಿತು.

ಮೈದುನನಿಗೆ ಹೊಸತರ ಹುಚ್ಚು. ಕಾಗದ ಬಿಟ್ಟು ಅಲ್ಯೂಮಿನಿಯಂ ಕೊಳವೆ, ಕಪ್ಪು ಮದ್ದು ಬಿಟ್ಟು ರಬ್ಬರಿನಂಥ ಮದ್ದಿನ ಬಿಲ್ಲೆ. ಉರಿದ ಮೇಲೆ ತೊಳೆದು ಮತ್ತೆ ತುಂಬಬಹುದು. ನೋಡಲು ಬಲು ಚೆಂದ. ಹಿತ್ತಲಿನ ಕಬ್ಬಿಣದ ಚೌಕಟ್ಟಿಗೆ ಹನ್ನೆರಡನ್ನು ಒಂದೊಂದಾಗಿ ಬಿಗಿದು ಉರಿಸಿದರು. ಒಂಬತ್ತು ನಾಲ್ಕಕ್ಕೇ ಟಪ್ಪೆಂದವು. ಮೂರು ಏಳರವರೆಗೆ ಕಾಯಿಸಿದವು.

“ಸಹಿ ಹಾಕಲ್ಲಪ್ಪಾ,” ಎಂದಳು.

“ಅತ್ತಿಗೆ, ಸರಾಸರಿ ತೆಗೆದರೆ ಐದೂ ದಾಟಲ್ಲ. ಶಾಲೆಯವರು ಪೆಟ್ಟಿಗೆಗೆ ಕಾಯ್ತಿದ್ದಾರೆ.”

“ಸರಾಸರಿ ಯಾರ ತಲೆ ಮೇಲೂ ಬೀಳಲ್ಲ. ಏಳಕ್ಕೆ ಬಿಚ್ಚೋದು ಬೀಳುತ್ತೆ.”

“ಅಣ್ಣ ಇದ್ದಿದ್ದರೆ ಹೀಗೆ ಹಟ ಮಾಡ್ತಿದ್ರಾ?”

“ಅವರಿದ್ದಿದ್ದರೆ ನೀನು ಕೇಳ್ತಾನೇ ಇರಲಿಲ್ಲ.”

ಅವನು ಮತ್ತೆ ಕೇಳಲಿಲ್ಲ. ಹಿಂದೊಮ್ಮೆ ಅವಳು ಜ್ವರದಿಂದ ಮಲಗಿದ್ದಾಗ ಅವಳ ಸಹಿಯ ರಬ್ಬರ್ ಸ್ಟಾಂಪು ಮಾಡಿಸಿದ್ದರು. ಅದು ಮೇಜಿನ ಖಾನೆಯಲ್ಲೇ ಇತ್ತು. ಪೆಟ್ಟಿಗೆಗಳು ಹೋದವು. ಹತ್ತೇ ದಿನಕ್ಕೆ ಶಾಲೆಯ ಮೈದಾನದಲ್ಲಿ ರಾಕೆಟ್ಟೊಂದು ಪ್ಯಾರಾಚೂಟ್ ಬಿಚ್ಚದೆ ಬಂದು ಡ್ರಿಲ್ ಮೇಷ್ಟರ ಹೆಗಲ ಮೂಳೆ ಮುರಿಯಿತು. ಚೀಟಿ ತೆಗೆದು ನೋಡಿದರು. ಎಣಿಸಿ ನೋಡಿದೆ. ಅವಳ ಸಹಿ.

ಸುದ್ದಿ ಬಂದ ಮಧ್ಯಾಹ್ನ ಮೈದುನ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತ. ಓರಗಿತ್ತಿ ಬಾಗಿಲಿಗೊರಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

“ಸ್ಟಾಂಪಿನ ವಿಷಯ ಹೊರಗೆ ಬಂದರೆ ನಾನು ಜೈಲಿಗೆ, ಅತ್ತಿಗೆ. ಅಣ್ಣನ ಶೆಡ್ಡಿಗೆ ಬೀಗ. ಎಣಿಸುವಾಗ ತಪ್ಪಿತು ಅಂತ ನೀವು ಒಂದು ಮಾತು ಅಂದರೆ, ವಯಸ್ಸಾದವರು ಅಂತ ಬಿಟ್ಟುಬಿಡ್ತಾರೆ.”

“ಅಕ್ಕಾ, ನಿಮ್ಮ ಋಣ ಏಳು ಜನ್ಮಕ್ಕೂ ತೀರಿಸಕ್ಕಾಗಲ್ಲ,” ಎಂದಳು ಓರಗಿತ್ತಿ. “ಮನೆಯೊಳಗೆ ನಮಗೆ ಗೊತ್ತಿರುತ್ತಲ್ಲ, ಅಷ್ಟು ಸಾಲದಾ?”

ಸಾಲುತ್ತದೆ ಎಂದುಕೊಂಡಳು. ತನಿಖೆಗೆ ಬಂದ ಅಧಿಕಾರಿಯ ಎದುರು ಕೈಕಟ್ಟಿ ನಿಂತು, “ಏಳನ್ನ ನಾಲ್ಕು ಅಂತ ಎಣಿಸಿಬಿಟ್ಟೆ ಸ್ವಾಮಿ,” ಎಂದಳು. ಅವನು ಕನ್ನಡಕದ ಮೇಲಿಂದ ಅವಳನ್ನೊಮ್ಮೆ ನೋಡಿ, ‘ವಯೋಸಹಜ ತಪ್ಪು’ ಎಂದು ಬರೆದುಕೊಂಡ. ಎಚ್ಚರಿಕೆ ಕೊಟ್ಟು ಹೋದ.

ಒಂದು ತಿಂಗಳು ಮನೆಯವರೆಲ್ಲ ಅವಳನ್ನು ಅಂಗೈಯಲ್ಲಿಟ್ಟುಕೊಂಡರು. ಮೊದಲ ಲೋಟ ಚಹಾ ಅವಳಿಗೆ, ಫ್ಯಾನಿನ ಕೆಳಗಿನ ಜಾಗ ಅವಳಿಗೆ. ಆಮೇಲೊಂದು ದಿನ ಅವಳು ಅಗಸನಿಂದ ಬಂದ ಬಟ್ಟೆ ಎಣಿಸಿ ಇಟ್ಟದ್ದನ್ನು ಓರಗಿತ್ತಿ ಬಿಚ್ಚಿ ಮತ್ತೆ ಎಣಿಸಿದಳು. ಇನ್ನೊಂದು ದಿನ ಅನ್ನಕ್ಕೆ ಅವಳು ಅಳೆದಿದ್ದ ಅಕ್ಕಿಯನ್ನು ಡಬ್ಬಕ್ಕೆ ಸುರಿದು ಹೊಸದಾಗಿ ಅಳೆದಳು. ಎಣಿಕೆಯಮ್ಮ ನೋಡಿದಳು. ಬೀದಿಯಲ್ಲಿ ದರ್ಜಿ, “ಏನಮ್ಮಾ, ಗಡಿಯಾರ ರಿಪೇರಿಗೆ ಕೊಟ್ಟಿಲ್ವಾ?” ಎಂದು ನಕ್ಕ. ಹೊರಗಿನವನು, ಅಂದರೆ ಅಂದ ಎಂದುಕೊಂಡಳು.

ಮೈದುನ ನಿಧಾನದ ಮದ್ದನ್ನು ಬದಲಿಸಿ ಹೊಸ ಮೋಟಾರನ್ನು ಮತ್ತೆ ಪರೀಕ್ಷಿಸುವ ದಿನ ಬಂತು. ಅವಳು ಎಂದಿನಂತೆ ಸೆರಗು ಸಿಕ್ಕಿಸಿ ಹಿತ್ತಲಿಗೆ ಬಂದಳು. ಓರಗಿತ್ತಿಯ ಕೈಯಲ್ಲಿ ಹೊಸ ಸ್ಟಾಪ್‌ವಾಚ್ ಇತ್ತು.

“ಒಳಗಿರಿ ಅತ್ತಿಗೆ, ಹೊಗೆ,” ಎಂದ ಮೈದುನ. ಇಪ್ಪತ್ತಾರು ವರ್ಷ ಆ ಹೊಗೆ ಕುಡಿದವಳಿಗೆ!

ಬೇಲಿಯಾಚೆ ನಿಂತಿದ್ದ ದರ್ಜಿಯ ಹೆಂಡತಿಗೆ ಓರಗಿತ್ತಿ ಹೇಳುತ್ತಿದ್ದಳು: “ಪಾಪ, ಅಕ್ಕನ ಮೇಲೆ ಬಿಟ್ಟು ನಾವೂ ಸುಮ್ಮನಿದ್ವಿ ನೋಡಿ, ನಮ್ಮದೇ ತಪ್ಪು. ಮೇಷ್ಟರ ಹೆಗಲು ಹೋಯ್ತು.”

ದರ್ಜಿಯ ಹೆಂಡತಿ ಹೋಗುವವರೆಗೆ ಕಾದು ಎಣಿಕೆಯಮ್ಮ ಮೆಲ್ಲನೆ ಕೇಳಿದಳು: “ಅವಳ ಮುಂದೆ ನೀನು ಹಾಗಂದೆ, ಸರಿ. ಆದರೆ ನಿನಗೆ ಗೊತ್ತಲ್ಲೇ?”

ಓರಗಿತ್ತಿ ಹುಬ್ಬು ಗಂಟಿಕ್ಕಿದಳು. ನಟನೆಯಲ್ಲ, ನಿಜಕ್ಕೂ ತಿಳಿಯದವಳ ಮುಖ. “ಏನಕ್ಕಾ? ನೀವೇ ತಾನೇ ಒಪ್ಪಿಕೊಂಡಿದ್ದು?”

ಮೈದುನನ ಕಡೆ ನೋಡಿದಳು. ಅವನು ಚೌಕಟ್ಟಿನ ತಿರುಪು ಬಿಗಿಯುತ್ತ, “ಹಳೇದೆಲ್ಲ ಯಾಕೆ ಅತ್ತಿಗೆ, ನಾವೇನು ನಿಮ್ಮನ್ನ ದೂರಿದ್ವಾ?” ಎಂದ. ಕ್ಷಮಿಸಿದವನ ದನಿಯಲ್ಲಿ ಎಂದ.

ಅವಳು ಒಳಗೆ ಹೋಗಿ ಐದು ಸೀರೆ, ಔಷಧಿಯ ಡಬ್ಬಿ, ಗಂಡನ ಫೋಟೋ ಒಂದು ಚೀಲಕ್ಕೆ ತುಂಬಿದಳು. ತಂಗಿಯ ಮನೆ ಎರಡು ಬಸ್ಸಿನ ದಾರಿ. ಇರುವುದು ಒಂದೇ ಕೋಣೆ, ಆದರೂ ಹೋಗಬಹುದು. ಬಾಗಿಲಲ್ಲಿ ಮೈದುನ ಓಡಿಬಂದು ಚೀಲಕ್ಕೆ ಕೈಹಾಕಿದ. ಅವಳು ಬಿಡಲಿಲ್ಲ.

“ಎಲ್ಲಿಗೆ ಅತ್ತಿಗೆ, ಹೀಗೆ ಹೇಳದೆ ಕೇಳದೆ? ಜನ ಕೇಳಿದರೆ ನಾನು ಏನು ಹೇಳಲಿ?”

“ಅರಳುಮರಳು, ಎಲ್ಲಿಗೆ ಹೋದಳೋ ಅವಳಿಗೇ ಗೊತ್ತಿಲ್ಲ ಅನ್ನು,” ಎಂದಳು ಎಣಿಕೆಯಮ್ಮ. “ನಂಬ್ತಾರೆ. ನಾಳೆ ನೀನೂ ನಂಬ್ತೀಯ.”

ಚಪ್ಪಲಿ ಮೆಟ್ಟಿ, ಗೇಟು ದಾಟಿ, ಬಸ್ಸಿನ ಕಡೆ ನಡೆದಳು.