ಪ್ರಸಾದದ ತಟ್ಟೆಗೆ ಕೈ ಅಡ್ಡ ಹಿಡಿದೆ

ಶರಣ ಬಂಧುಗಳೇ, ನಮ್ಮ ಯಜಮಾನರ ಎದೆ ಕೆಡಿಸಿದ್ದು ಭಕ್ತರ ಮನೆಯ ಊಟ ಎಂದರೆ ನಿಮಗೆ ಸಿಟ್ಟು ಬರುತ್ತದೆ. ಬರಲಿ. ಕಮತಗಿಯಲ್ಲಿ ಅರ್ಧ ಊರಿಗೆ ಈಗಾಗಲೇ ಬಂದಿದೆ. ಅಪ್ಪ ಬಸವಣ್ಣ ನನ್ನ ಮೊರೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರುವವಳು ನಾನಲ್ಲ.

ನಮ್ಮದು ಅಯ್ಯನವರ, ಅಂದರೆ ಜಂಗಮರ ಮನೆತನ. ಭಕ್ತರ ಮನೆಯಲ್ಲಿ ಪೂಜೆಯಾಗಲಿ ಹಬ್ಬವಾಗಲಿ, ನಮ್ಮವರು ಹೋಗಿ ಉಣ್ಣಬೇಕು. ಗುರುಲಿಂಗಯ್ಯ ಎಂದು ಅವರ ಹೆಸರು. ಗಂಡನ ಹೆಸರು ಹೇಳಿದಳೆಂದು ನಗಬೇಡಿ. ಅವರು ಉಂಡ ಮೇಲೆಯೇ ಮನೆಯವರ ಊಟ. ತಟ್ಟೆಗೆ ಬಿದ್ದದ್ದೆಲ್ಲ ಪ್ರಸಾದ, ಒಂದು ಅಗುಳೂ ಬಿಡುವಂತಿಲ್ಲ, ಕೊನೆಗೆ ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ನೀಡುವವರಿಗೂ ಇದು ಗೊತ್ತು. ಹೋಳಿಗೆ ಮುಳುಗುವಷ್ಟು ತುಪ್ಪ ಸುರಿದರೆ ಪುಣ್ಯವೂ ಅಷ್ಟೇ ಹೆಚ್ಚು ಎಂದು ಅವರ ನಂಬಿಕೆ. ನಮ್ಮವರಿಗೋ ಬೇಡ ಎಂಬ ಮಾತೇ ಬಾರದು.

ಹೋದ ವರ್ಷ ಆಷಾಢದಲ್ಲಿ ಬಾಗಲಕೋಟೆಯ ಬಸ್ಸು ಹತ್ತುವಾಗ ಎದೆ ಹಿಡಿದುಕೊಂಡು ಬಾಗಿಲಲ್ಲೇ ಕುಳಿತುಬಿಟ್ಟರು. ಮೈಯೆಲ್ಲ ಬೆವರು.

“ಏನಿಲ್ಲ ಬಿಡು, ವಾಯು ಆಗೇತಿ,” ಎಂದರು.

“ವಾಯು ಅಲ್ಲ, ನಿಮ್ಮ ತಲಿ!” ಎಂದೆ. ಕಂಡಕ್ಟರ್ ಪುಣ್ಯಾತ್ಮ, ಮುಂದಿನ ಸೀಟು ಬಿಡಿಸಿ ಕೂರಿಸಿದ. ಬಾಗಲಕೋಟೆಯಲ್ಲಿ ಇಳಿದವರೇ ಆಟೋ ಹಿಡಿದು ದವಾಖಾನೆಗೆ ಹೋದೆವು.

ಎಲ್ಲ ತಪಾಸಣೆ ಮುಗಿಸಿ ಡಾಕ್ಟರಮ್ಮ ಹೃದಯದ ರಕ್ತನಾಳಗಳು ಸಣ್ಣವಾಗುತ್ತಿವೆ ಎಂದರು. ಇವರು ನಂಬಲಿಲ್ಲ. ಖರೆ ಹೇಳಬೇಕೆಂದರೆ ನಾನೂ ನಂಬಲಿಲ್ಲ. ಆ ರೋಗ ಏನಿದ್ದರೂ ಮಾಂಸ ತಿನ್ನುವವರಿಗೆ, ಕೊರಳಲ್ಲಿ ಲಿಂಗ ಕಟ್ಟಿದ ನಮಗೆಲ್ಲಿಂದ ಬರಬೇಕು ಎಂದೇ ನಮ್ಮ ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು.

“ಮಾಂಸ ಮುಟ್ಟಿಲ್ಲ, ಚಲೋ ಆತ್ರಿ,” ಎಂದರು ಡಾಕ್ಟರಮ್ಮ. “ಆದ್ರ ಬೆಣ್ಣಿ, ತುಪ್ಪ, ಸಕ್ಕರಿ, ಕರದದ್ದು, ಅದರ ಮ್ಯಾಲ ತಂಬಾಕು, ಇವನ್ನ ಬಿಡಾವ್ರು ಯಾರ್ರಿ? ಕಾಳು, ತಪ್ಪಲ ಪಲ್ಯ, ಹಣ್ಣು, ರೊಟ್ಟಿ ತಿನ್ರಿ. ಉಪ್ಪು ಕಡಿಮಿ ಮಾಡ್ರಿ. ದಿನಾ ನಡೀರಿ. ಗುಳಿಗಿ ತಪ್ಪಿಸಬ್ಯಾಡ್ರಿ. ಇಲ್ಲಾಂದ್ರ ಮುಂದಿನ ಸಲ ಇಲ್ಲೀತನಾ ಬಂದು ಮುಟ್ತೀರಿ ಅಂತ ನಾ ಹೇಳಾಂಗಿಲ್ಲ.”

ಅಂದಿನಿಂದ ನಮ್ಮ ಮನೆಯಲ್ಲಿ ಮಡಿಕೆ ಕಾಳು, ಹೆಸರು ಕಾಳು, ಮೆಂತ್ಯೆ ಪಲ್ಯ, ರೊಟ್ಟಿಯ ಜೊತೆ ಹಸಿ ಹಕ್ಕರಿಕೆ ಸೊಪ್ಪು, ಅಗಸೆ ಚಟ್ನಿಪುಡಿ. ತಂಬಾಕಿನ ಚಂಚಿಯನ್ನು ನಾನೇ ಒಲೆಗೆ ಹಾಕಿದೆ. ಮುಖ ಗಂಟು ಹಾಕಿದರೂ ಮಾತು ಕೇಳಿದರು. ಅಷ್ಟರಲ್ಲಿ ಶ್ರಾವಣ ಬಂತು ನೋಡಿ. ದಿನಾ ಒಂದೊಂದು ಮನೆಯಿಂದ ಊಟದ ಕರೆ. ಮನೆಯಲ್ಲಿ ಹನಿ ತುಪ್ಪ ಇಲ್ಲದ ಮನುಷ್ಯ ಭಕ್ತರ ಮನೆಯಲ್ಲಿ ಗಿಂಡಿಗಟ್ಟಲೆ ಉಂಡು ಬರತೊಡಗಿದರು.

“ಪ್ರಸಾದಕ್ಕ ಹೆಂಗ ಬ್ಯಾಡ ಅನ್ಲಿ? ಪ್ರಸಾದ ಎಲ್ಲೆರ ರೋಗ ತರ್ತೈತೇನು?” ಎಂದು ನನಗೇ ತಿರುಗಿ ಕೇಳುತ್ತಿದ್ದರು.

ನಮ್ಮ ಮಾವನವರು ಇಂಥದ್ದೇ ಊಟ ಮುಗಿಸಿ ಏಳುವಾಗ ಕುಸಿದು ಹೋದವರು. ಪುಣ್ಯವಂತರು, ಪ್ರಸಾದ ಉಂಡು ಕೈಲಾಸಕ್ಕೆ ಹೋದರು ಎಂದಿತು ಊರು. ಆ ಮಾತು ಕೇಳುತ್ತ ಅತ್ತೆ ಒಬ್ಬರೇ ಎಷ್ಟು ವರ್ಷ ಸವೆಸಿದರೋ ನಾನು ಕಂಡಿದ್ದೇನೆ. ಆ ಪುಣ್ಯ ನನಗೆ ಬೇಕಾಗಿರಲಿಲ್ಲ.

ಒಬ್ಬಳೇ ಬಸ್ಸು ಹತ್ತಿ ಕೂಡಲಸಂಗಮಕ್ಕೆ ಹೋದೆ. ಬಸವಣ್ಣನ ಐಕ್ಯಸ್ಥಳದ ಮುಂದೆ ನಿಂತು ಕೈ ಮುಗಿಯಲೂ ಇಲ್ಲ.

“ಅಪ್ಪಾ, ನಾ ಇವತ್ತ ಜಗಳಾಡಾಕ ಬಂದೇನಿ. ನಿನ್ನ ಹೆಸರ ಹೇಳಿ ಅವರ ಎದಿಗೆ ತುಪ್ಪ ಸುರಿಯಾಕ ಹತ್ಯಾರ. ಆ ಎದಿ ಸರಿ ಮಾಡು. ಇಲ್ಲಾ, ನಾ ಏನ್ ಮಾಡ್ತೇನೋ ಅದನ್ನ ತಡೀಬ್ಯಾಡ!” ಎಂದೆ. ಆಮೇಲೆ ಅಲ್ಲೇ ಕುಳಿತು ಗೊಳೋ ಎಂದು ಅತ್ತೆ. ಯಾವ ಸೂಚನೆಯೂ ಸಿಗಲಿಲ್ಲ. ಕಣ್ಣೊರೆಸಿಕೊಂಡು ಊರಿಗೆ ಬಂದೆ.

ಮುಂದಿನ ಸೋಮವಾರ ಗುಡೂರಿನ ಸಂಗಪ್ಪನ ಮನೆಯಲ್ಲಿ ಊಟ. ನನ್ನನ್ನೂ ಕರೆದಿದ್ದರು. ಲಿಂಗಪೂಜೆ ಮುಗಿಯಿತು, ನಮ್ಮವರು ತಟ್ಟೆಯ ಮುಂದೆ ಕುಳಿತರು. ಹೋಳಿಗೆ ಬಿತ್ತು. ಸಂಗಪ್ಪ ಗಿಂಡಿ ಬಗ್ಗಿಸಿದ. ನಾನು ಎದ್ದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ. ಬಿಸಿ ತುಪ್ಪ ನನ್ನ ಕೈ ಮೇಲೆ ಸುರಿಯಿತು.

“ಅಮ್ಮಾರ! ಪ್ರಸಾದಕ್ಕ ಕೈ ಅಡ್ಡ ಹಿಡಿತೀರಿ?” ಸಂಗಪ್ಪನ ಮುಖ ಕೆಂಪಗಾಯಿತು. “ಅಯ್ಯಾರು ಪ್ರಸಾದ ಉಂಡ್ರ ಕೈಲಾಸ ಸಿಗ್ತೈತ್ರಿ!”

“ಕೈಲಾಸ ಎಲ್ಲೂ ಓಡಿ ಹೋಗೂದಿಲ್ಲ ಸಂಗಪ್ಪ. ತಡಾ ಮಾಡಿ ಹೋಗ್ತಾರ,” ಎಂದೆ.

ಕೈ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚಿನ ಹೆದರಿಕೆ, ಈಗ ಇವರೇ ನನ್ನ ಕೈ ಸರಿಸಿದರೆ? ಸರಿಸಿದರೆ ಇನ್ನು ಇವರು ನನಗೆ ಉಳಿಯುವುದಿಲ್ಲ ಎಂದು ಅವರ ಮುಖವನ್ನೇ ನೋಡಿದೆ. ಅವರು ನನ್ನ ಕೈ ಹಿಡಿದು ಮೆಲ್ಲಗೆ ಧೋತರದ ಚುಂಗಿನಿಂದ ತುಪ್ಪ ಒರೆಸಿದರು.

“ಸಂಗಪ್ಪ, ಹೊಲದ ಆಳಿಗೆ ಬುತ್ತಿ ಕಟ್ಟೀರೇನು?”

“ಹೂಂನ್ರಿ ಅಯ್ಯಾರ. ಬರೇ ರೊಟ್ಟಿ, ಕಾಳಪಲ್ಯ ಐತ್ರಿ.”

“ಅದನ್ನ ನೀಡು. ಲಿಂಗಕ್ಕ ತೋರಿಸಿ ಉಂಡದ್ದೆಲ್ಲಾ ಪ್ರಸಾದನ. ತುಪ್ಪ ಹೋಳಿಗಿ ನನಗ ಬ್ಯಾಡ.”

ಬ್ಯಾಡ! ಮದುವೆಯಾದಾಗಿನಿಂದ ಅವರ ಬಾಯಲ್ಲಿ ಪರರ ಮುಂದೆ ಆ ಮಾತು ನಾನು ಕೇಳಿರಲಿಲ್ಲ. ಎದೆ ಸರಿ ಮಾಡು ಎಂದು ಬೇಡಿದವಳಿಗೆ ಅಪ್ಪ ಮೊದಲು ಕೊಟ್ಟದ್ದು ಈ ಮಾತನ್ನು. ಲಿಂಗಕ್ಕೆ ಇನ್ನೂ ತೋರಿಸದಿದ್ದ ಹೋಳಿಗೆಯನ್ನು ತೆಗೆಸಿ, ಅವರು ಬುತ್ತಿ ರೊಟ್ಟಿ ಉಂಡು, ತಟ್ಟೆ ತೊಳೆದ ನೀರು ಕುಡಿದು ಎದ್ದರು. ಸಂಗಪ್ಪ ಬಾಗಿಲವರೆಗೂ ಬರಲಿಲ್ಲ.

ಆಮೇಲೆ ಕೆಲವು ಮನೆಯವರು ಕರೆಯುವುದನ್ನೇ ಬಿಟ್ಟರು. ಕರೆದ ಮನೆಗಳಲ್ಲಿ ಇವರು ಕೇಳಿ ಕೇಳಿ ರೊಟ್ಟಿ, ಕಾಳು, ಪಲ್ಯ ಉಣ್ಣುತ್ತಾರೆ, ಅಯ್ಯನವರು ಉಂಡದ್ದೆಂದು ಮನೆಯವರೂ ಅದನ್ನೇ ಉಣ್ಣುತ್ತಾರೆ. ಬೆಳಿಗ್ಗೆ ಶಿರೂರಿನ ರಸ್ತೆ ಹಿಡಿದು ನಡೆಯುತ್ತಾರೆ. ಮೊನ್ನೆ ತಪಾಸಣೆಗೆ ಹೋದಾಗ ದವಾಖಾನೆಯ ಮೆಟ್ಟಿಲನ್ನು ನನಗಿಂತ ಮುಂದೆ ಹತ್ತಿದರು. ರೋಗ ಮುಂದುವರಿದಿಲ್ಲ, ಆಪರೇಷನ್ ಸದ್ಯ ಬೇಡ, ಗುಳಿಗೆ ಮಾತ್ರ ಬಿಡಬೇಡಿ ಎಂದರು ಡಾಕ್ಟರಮ್ಮ. ಹೊರಗೆ ಬಂದು ಗಂಡ ಹೆಂಡತಿ ಇಬ್ಬರೂ ಬೆಂಚಿನ ಮೇಲೆ ಕುಳಿತು ಅತ್ತೆವು.

ಅಯ್ಯನವರ ಪ್ರಸಾದ ಕೆಡಿಸಿದವಳು ಎಂದು ನನ್ನನ್ನು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನನ್ನ ಮೊರೆ ಕೇಳಿದ ಬಸವಣ್ಣನಿಗೆ ಸಾವಿರ ಶರಣು. ಅವನು ನನ್ನ ಕಡೆಗಿದ್ದಾನೆ ಎಂಬುದರಲ್ಲಿ ನನಗಿನ್ನು ಅನುಮಾನವಿಲ್ಲ. ಈ ಶ್ರಾವಣದಲ್ಲಿ ನಮ್ಮವರನ್ನು ಊಟಕ್ಕೆ ಧಾರಾಳವಾಗಿ ಕರೆಯಿರಿ, ಬರುತ್ತಾರೆ. ತುಪ್ಪದ ಗಿಂಡಿ ಹಿಡಿದು ಬಂದರೆ ಮಾತ್ರ ನೋಡಿಕೊಂಡು ಬನ್ನಿ. ನಾನು ಪಕ್ಕದಲ್ಲೇ ಕುಳಿತಿರುತ್ತೇನೆ, ನನಗೆ ಇನ್ನೊಂದು ಕೈಯೂ ಇದೆ.