ಅಟ್ಟದ ಹಲಗೆ ಮತ್ತು ಬಸವಣ್ಣೆಪ್ಪನ ಕಿವಿ

ಮಸಗುಪ್ಪಿಯ ಬಡಿಗೇರ ಬಸವಣ್ಣೆಪ್ಪನಿಗೆ ಅರವತ್ತು ತುಂಬಲು ಎರಡು ವರ್ಷ ಬಾಕಿ. ಗೋಕಾಕದ ಕಟಗಿ ಅಡ್ಡೆಯಲ್ಲಿ ಹದಿನೈದು ವರ್ಷ ಮರ ಹೆರೆಯುವ ರಂದಾ ಮಶಿನ್ ಪಕ್ಕ ನಿಂತು ಎರಡೂ ಕಿವಿ ಹಾಳು ಮಾಡಿಕೊಂಡ. ಈಗ ಬಾಗಿಲು, ಕಿಟಕಿ ಎಲ್ಲ ಅಂಗಡಿಯಿಂದ ತಯಾರಾಗಿಯೇ ಬರುತ್ತವೆ. ಅವನ ಪಾಲಿಗೆ ಉಳಿದದ್ದು ಹಳೇ ಮನೆಗಳ ಅಟ್ಟ. ಅಟ್ಟದ ಕೆಲಸಕ್ಕೆ ಕಿವಿ ಬೇಕು. ಕಿರ್ ಎನ್ನುವ ಹಲಗೆಯ ಕೆಳಗೆ ಅದನ್ನು ಹೊತ್ತ ಮರದ ಪಟ್ಟಿ ಸಡಿಲ ಇರುತ್ತದೆ, ಚೀಲದ ಭಾರ ಬಿದ್ದ ದಿನ ಮೊಳೆ ಕಿತ್ತು ಬರುತ್ತದೆ. ಕಿವಿ ಕೇಳದವನನ್ನು ಕೆಲಸಕ್ಕೆ ಕರೆಯುವವರು ಯಾರು? ಅದಕ್ಕೇ ಮುಚ್ಚಿಟ್ಟಿದ್ದ. ಗೊತ್ತಿದ್ದುದು ಹೆಂಡತಿ ಭರಮವ್ವನಿಗೆ ಮಾತ್ರ.

ಮುಚ್ಚಿಟ್ಟದ್ದು ತಪ್ಪು ಎಂದು ನಾನು ಹೇಳಲಾರೆ, ಹೊಟ್ಟೆಪಾಡು. ಆದರೂ ಮೊಂಡುತನಕ್ಕೆ ಒಂದು ಮಿತಿ ಬೇಡವೇ? "ಮೊಳಿ ಕೊಡಾಕ ಒಂದ ಆಳ ಬೇಕ್ರಿ" ಎಂದು ಹೆಂಡತಿಯನ್ನು ಹೋದಲ್ಲೆಲ್ಲ ಕರೆದೊಯ್ಯುತ್ತಿದ್ದ. ಅವನು ಹಲಗೆ ಬಡಿದು ಹಿಮ್ಮಡಿ ಊರಿ ನಿಲ್ಲುವುದು, ಅವಳು ಕೇಳುವುದು. ಅವಳು ಕೈ ಎತ್ತಿದರೆ ಇನ್ನೊಂದು ಮೊಳೆ, ಸುಮ್ಮನಿದ್ದರೆ ಮುಂದಿನ ಹಲಗೆ.

ತುಕ್ಕಾನಟ್ಟಿಯ ಧರಣೇಂದ್ರನ ಮನೆಯಲ್ಲೂ ಹಾಗೇ ನಡೆಯಿತು. ಅಲ್ಲಿ ಅಟ್ಟದ ಮಣ್ಣಿನ ನೆಲ ತಂಪು ಹಿಡಿದು ಬಿತ್ತನೆ ಜೋಳಕ್ಕೆ ಬೂಷ್ಟು ಬರುತ್ತಿತ್ತು. ಕೆಳಗೆ ಗಾಳಿ ಆಡಲೆಂದು ನಾಲ್ಕು ಬೆರಳು ಎತ್ತರದ ಪಟ್ಟಿ ಕೂರಿಸಿ, ಮೇಲೆ ಹಲಗೆ ಹಾಸಬೇಕಿತ್ತು. ಎರಡನೇ ದಿನ ಸಂಜೆಗೆ ಮೂರೇ ಹಲಗೆ ಉಳಿದಿದ್ದವು.

ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆ. ಧರಣೇಂದ್ರನ ತಾಯಿ ಸುಂದರಾಬಾಯಿ ಕೆಳಗಿನಿಂದ ಕೂಗಿದರು: "ಭರಮವ್ವಾ, ಹೊತ್ತ ಮುಣಗಾಕ ಬಂತು. ಇಬ್ಬರೂ ಉಣ್ಣಾಕ ಬರ್ರಿ." ಭರಮವ್ವ ಗಂಡನಿಗೆ ಊಟದ ಕೈಸನ್ನೆ ಮಾಡಿದಳು. "ನೀ ಹೋಗ, ಮುಗಿಸೇ ಬರ್ತೇನಿ" ಎಂದ ಬಸವಣ್ಣೆಪ್ಪ. ಒಲ್ಲದ ಮನಸ್ಸಿನಿಂದ ಅವಳು ಇಳಿದಳು. ಅವನು ಮೂರೂ ಹಲಗೆ ಒಬ್ಬನೇ ಬಡಿದ.

ಕೆಲಸ ನೋಡಲು ಹತ್ತಿಬಂದ ಧರಣೇಂದ್ರ ಕಡೆಯ ಹಲಗೆ ಮೆಟ್ಟಿದ. ಕಿರ್.

"ಇದ ಒದರಾಕತ್ತೈತಲ್ರಿ, ಕಾಕಾ."

"ಹೌದ್ರಿ, ಚಲೋ ಕಟಗಿ" ಎಂದು ಬಸವಣ್ಣೆಪ್ಪ ನಕ್ಕ.

ಧರಣೇಂದ್ರ ಅವನ ಮುಖವನ್ನೇ ನೋಡುತ್ತ ಮತ್ತೊಮ್ಮೆ ಮೆಟ್ಟಿದ. "ಕೇಳ್ಸೂದಿಲ್ಲೇನ್ರಿ?" ಎಂದು ಗಟ್ಟಿಯಾಗಿ ಕೂಗಿದ. ಬಸವಣ್ಣೆಪ್ಪ ಸುತ್ತಿಗೆ ಕೆಳಗಿಟ್ಟ. "ಕಿವಿ ಹೋಗಿ ಎರಡ ವರ್ಷ ಆತ್ರಿ" ಎಂದ. ನಾಚಿಕೆಗೆ ಅವನ ಕಣ್ಣು ತುಂಬಿದ್ದವು.

ಕೂಗು ಕೇಳಿ ಭರಮವ್ವ ಎಂಜಲುಗೈಯಲ್ಲೇ ಏಣಿ ಹತ್ತಿದಳು. "ಬೈಯೂದಿದ್ರ ನನ್ನ ಬೈರಿ. ಇಷ್ಟ ದಿನಾ ಹಲಗಿ ಸಪ್ಪಳ ಕೇಳಾಕಿ ನಾನ. ಇವತ್ತ ಬಿಟ್ಟ ಹೋಗಿ ಉಣ್ಣಾಕ ಕುಂತೆ, ತಪ್ಪಾತು."

ಧರಣೇಂದ್ರ ಒಂದೊಂದೇ ಹಲಗೆ ಮೆಟ್ಟುತ್ತ ಅಟ್ಟದ ಮೂಲೆಯಿಂದ ಮೂಲೆಗೆ ನಡೆದ. ಅವಳು ಕೇಳಿದ್ದ ಒಂದು ಹಲಗೆಯೂ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಹುಕ್ಕೇರಿಯ ತಂಗಿ ಭಕ್ತಿಗೆ ಫೋನ್ ಹಚ್ಚಿದ. ಅವಳ ಮನೆಗೂ ಇಂಥದೇ ಅಟ್ಟ ಬೇಕಿತ್ತು. "ಮಂದಿ ಸಿಕ್ಕಾರವಾ. ಇಬ್ಬರ ಬಡಿಗೇರ ಅದಾರ. ಕಾಕಾ ಬಡೀತಾರ, ಕಾಕು ಕೇಳ್ತಾರ."

"ಏನಂದ್ರು?" ಎಂದ ಬಸವಣ್ಣೆಪ್ಪ. ಭರಮವ್ವ ಅವನ ಕಿವಿಗೆ ಬಾಯಿ ಹಚ್ಚಿದಳು. ಅಳು ಒತ್ತಿಬಂದು, ಎರಡು ಸಲ ಹೇಳಬೇಕಾಯಿತು.